ಹಿಂದಿನ ಸೀಟಿನಲ್ಲಿ ಬಾಸಿಂಗ

ಗುರುವಾರ ಸಂಜೆ ಧೀರಜ್ ತರಕಾರಿ ಚೀಲ ಹಿಡಿದು ಪ್ಲಾಜಾದ ಅಂಗಡಿಯಿಂದ ಹೊರಗೆ ಬಂದಾಗ ಅವನ ಕಾರು ನಿಲ್ಲಿಸಿದ ಜಾಗದಲ್ಲೇ ಇತ್ತು. ಆದರೆ ನಿಲ್ಲಿಸಿದ ಆಕಾರದಲ್ಲಿರಲಿಲ್ಲ. ದೊಡ್ಡದೊಂದು ಪಿಕಪ್ ಟ್ರಕ್ಕು ರಿವರ್ಸ್ ತೆಗೆಯುವಾಗ ಕಾರಿನ ಡಿಕ್ಕಿಯನ್ನು ಒಳಕ್ಕೆ ಒತ್ತಿ, ಹಿಂದಿನ ಒಂದು ಚಕ್ರವನ್ನೂ ಸೊಟ್ಟ ಮಾಡಿತ್ತು. ಟ್ರಕ್ಕಿನವನು ಓಡಿಹೋಗಿರಲಿಲ್ಲ. ಪಾಪ, ಪಕ್ಕದಲ್ಲೇ ನಿಂತು ಸಾರಿ ಸಾರಿ ಎನ್ನುತ್ತಿದ್ದ. ಟೋ ಗಾಡಿ ಬಂದು ಕಾರನ್ನು ಎಳೆದುಕೊಂಡು ಹೋದ ಮೇಲೆ ಧೀರಜ್ ತರಕಾರಿ ಚೀಲದೊಂದಿಗೆ ಸ್ಟ್ರೀಟ್ಸ್‌ವಿಲ್‌ನ ಮನೆಗೆ ನಡೆದೇ ಬಂದ.

ಮನೆಯ ಗರಾಜಿನ ಬಾಗಿಲು ತೆರೆದಿತ್ತು. ಒಳಗೆ ಅವನ ಹೆಂಡತಿ ನೀಲಾಂಬಿಕಾ ನೆಲದ ಮೇಲೆ ಕೂತು ತನ್ನ ಹಸಿರು ಬೈಕಿನ ಚೈನಿಗೆ ಎಣ್ಣೆ ಬಿಡುತ್ತಿದ್ದಳು.

"ಕಾರು ಹೋಯ್ತು," ಎಂದ ಧೀರಜ್.

"ಎಲ್ಲಿಗೆ?"

"ಟೋ ಆಗಿ. ಯಾರೋ ಗುದ್ದಿದ್ರು."

ಅವಳು ಎಣ್ಣೆಯ ಕೈಯಲ್ಲೇ ಎದ್ದು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ನಿಮಗೇನೂ ಆಗಿಲ್ಲಲ್ರಿ?"

"ನಾನು ಒಳಗೆ ಬೆಂಡೆಕಾಯಿ ಆರಿಸ್ತಾ ಇದ್ದೆ."

ಬೇರೆ ವಾರವಾಗಿದ್ದರೆ ಇದು ಅಂಥ ದೊಡ್ಡ ಸುದ್ದಿಯಾಗುತ್ತಿರಲಿಲ್ಲ. ಆದರೆ ಸೋಮವಾರ ಬೆಳಿಗ್ಗೆ ನೀಲಾಳ ಚಿಕ್ಕಮ್ಮನ ಮಗ ಆನಂದಕುಮಾರನ ಮದುವೆಯಿತ್ತು. ಅದೂ ಇಲ್ಲೆಲ್ಲೂ ಅಲ್ಲ, ಸುಪೀರಿಯರ್ ಸರೋವರದ ಅಂಚಿನ ಸೂ ಸೇಂಟ್ ಮರೀಯಲ್ಲಿ, ಟೊರಾಂಟೋದಿಂದ ಇಡೀ ಒಂದು ದಿನದ ದಾರಿ. ಆನಂದ ಅಲ್ಲಿ ಕೆಲಸಕ್ಕೆ ಸೇರಿ ಅಲ್ಲಿಯೇ ಹುಟ್ಟಿ ಬೆಳೆದ ಶ್ರೀಜಾಳನ್ನು ಮೆಚ್ಚಿದ್ದ. ಅವನ ತಾಯಿ ದಾನವ್ವ ಧಾರವಾಡದಿಂದ ಬಂದು ತಿಂಗಳಾಗಿತ್ತು. ನೀಲಾ ಬೈಕಿನಲ್ಲಿ ಹೋಗುವುದು, ಧೀರಜ್ ಸಾಮಾನನ್ನೆಲ್ಲ ತುಂಬಿಕೊಂಡು ಕಾರಿನಲ್ಲಿ ಹಿಂದೆ ಬರುವುದು ಎಂದು ಚಳಿಗಾಲದಲ್ಲೇ ಮಾತಾಗಿತ್ತು. ನೀಲಾ ಬೈಕು ಕೊಂಡು ಮೂರನೆಯ ಬೇಸಿಗೆ ಇದು. ನಯಾಗರಾ, ಕಿಂಗ್‌ಸ್ಟನ್ ಎಲ್ಲ ಆಗಿದ್ದವು. ಇಷ್ಟು ದೂರ ಹೋಗುತ್ತಿರುವುದು ಇದೇ ಮೊದಲು. ಅವಳು ಜನವರಿಯ ಹಿಮದಲ್ಲಿ ಕೂತು ನಕ್ಷೆಯ ಮೇಲೆ ಬೆರಳಾಡಿಸಿಕೊಂಡೇ ಅರ್ಧ ಚಳಿಗಾಲ ಕಳೆದಿದ್ದಳು.

ಈಗ ಊಟದ ಮೇಜಿನ ಮೇಲೆ ಮದುವೆಯ ಬಾಸಿಂಗಗಳು ಕೂತಿದ್ದವು. ವಧೂವರರ ಹಣೆಗೆ ಕಟ್ಟುವ, ಬೆಂಡು, ಜರಿ, ಮುತ್ತಿನ ಹಗುರ ಕೆಲಸ. ಜೋರಾಗಿ ಉಸಿರು ಬಿಟ್ಟರೂ ಅಲುಗುವಂಥವು. ಅವನ್ನು ಹುಬ್ಬಳ್ಳಿಯಿಂದ ತಂದ ಶೈಲಜಾ ಎನ್ನುವವರ ವಿಮಾನ ತಡವಾಗಿ ಅದೇ ದಿನ ಬೆಳಿಗ್ಗೆ ಇಳಿದಿತ್ತು. ಮದುವೆ ಮಾಡಿಸಬೇಕಾದ ಚನ್ನಬಸಯ್ಯನವರು ಮನೆಮಂದಿಯನ್ನೆಲ್ಲ ಎಟೋಬಿಕೋಕ್‌ನಿಂದ ವ್ಯಾನಿನಲ್ಲಿ ತುಂಬಿಕೊಂಡು ಬುಧವಾರವೇ ಹೊರಟುಹೋಗಿದ್ದರು. ಬಾಸಿಂಗ ತಲುಪಿಸಲು ಉಳಿದವರು ಇವರಿಬ್ಬರೇ.

ಧೀರಜ್ ರಾತ್ರಿ ಊಟದ ಹೊತ್ತಿಗೆ ಬಾಡಿಗೆ ಕಾರು, ಬಸ್ಸು, ವಿಮಾನ ಎಲ್ಲವನ್ನೂ ಹುಡುಕಿ ಮುಗಿಸಿದ್ದ. ಸೋಮವಾರವೂ ರಜೆಯಿರುವ ಆಗಸ್ಟಿನ ಲಾಂಗ್ ವೀಕೆಂಡು. ಒಂದು ಸೀಟೂ ಇಲ್ಲ, ಒಂದು ಗಾಡಿಯೂ ಇಲ್ಲ. ಅಷ್ಟರಲ್ಲಿ ದಾನವ್ವನ ವಿಡಿಯೋ ಕಾಲ್ ಬಂತು.

"ನೀಲಾ, ಬಾಸಿಂಗ ಬಂದುವೇನ? ತೋರ್ಸು ನೋಡೂಣು."

ನೀಲಾ ಫೋನನ್ನು ಮೇಜಿನ ಕಡೆ ತಿರುಗಿಸಿದಳು. ದಾನವ್ವನ ಮುಖ ಅರಳಿತು. "ಭಾಳ ಛಲೋ ಅದಾವ. ಹುಷಾರ್ ತರ್ರಿ ಮತ್ತ. ಎಲ್ಲಾ ಬಂದೈತಿ, ಬಾಸಿಂಗ ಒಂದ ಬರಬೇಕು."

"ತರ್ತೀನಿ ಚಿಗವ್ವ," ಎಂದಳು ನೀಲಾ. ಫೋನು ಇಟ್ಟು ಗಂಡನ ಕಡೆ ತಿರುಗಿದಳು. "ಬೈಕ್ ಐತಲ್ರಿ."

"ನೀನು ಹೋಗ್ತೀಯ. ನಾನು?"

"ಹಿಂದ ಕೂಡ್ರಿ."

ಧೀರಜ್ ನಕ್ಕ. ಅವಳು ನಗಲಿಲ್ಲ. ಅವನು ನಗು ನಿಲ್ಲಿಸಬೇಕಾಯಿತು.

ಆ ಬೈಕಿನ ಹಿಂದಿನ ಸೀಟು ಎಂದರೆ ಅಂಚೆ ಕಾರ್ಡಿನಷ್ಟು ಒಂದು ದಿಂಬು. ಮುಂದಿನ ಸೀಟಿಗಿಂತ ಗೇಣುದ್ದ ಎತ್ತರ. ರೇಸಿಗೆಂದು ಹುಟ್ಟಿದ ಬೈಕು ಅದು. ಹ್ಯಾಂಡಲ್ ತಗ್ಗಿನಲ್ಲಿ, ಓಡಿಸುವವರು ಟ್ಯಾಂಕಿನ ಮೇಲೆ ಬಾಗಿ ಕೂರಬೇಕು, ಹಿಂದೆ ಕೂತವರು ಅವರ ಬೆನ್ನ ಮೇಲೆ ಬಾಗಬೇಕು. ಮೈಸೂರಿನ ಧೀರಜ್ ಆರಡಿ ಮೀರಿದ ಆಳು. ಮೂರು ವರ್ಷದಲ್ಲಿ ಅವನು ಅದರ ಮೇಲೆ ಕೂತದ್ದು ಒಂದೇ ಸಲ, ಕ್ವೀನ್ ಸ್ಟ್ರೀಟಿನ ಐಸ್‌ಕ್ರೀಮ್ ಅಂಗಡಿಯವರೆಗೆ. ಮೊಣಕಾಲು ಕಿವಿಯ ಹತ್ತಿರ ಬಂದು ಮಿಡತೆಯ ಹಾಗೆ ಕಾಣುತ್ತಿದ್ದ. ವಾಪಸು ಬರುವಾಗ ಐಸ್‌ಕ್ರೀಮ್ ಕೈಯಲ್ಲಿ ಹಿಡಿದು ನಡೆದೇ ಬಂದಿದ್ದ.

ಆದರೂ ಶುಕ್ರವಾರ ಆಫೀಸಿನಿಂದ ಬಂದವನೇ ಅವನು ತನ್ನ ಸಾಮಾನನ್ನು ಹಾಲಿನ ನೆಲದ ಮೇಲೆ ಹರಡಿದ. ನೀಲಾ ಸೊಂಟಕ್ಕೆ ಕೈಯಿಟ್ಟು ನೋಡಿದಳು. ಎರಡು ಜೊತೆ ಶೂ, ಲ್ಯಾಪ್‌ಟಾಪು, ಒಂದು ದಿಂಬು, ಮೈಸೂರಿನಿಂದ ಅವನ ಅಮ್ಮ ಕೊಟ್ಟ ರೇಷ್ಮೆ ಪಂಚೆ ಮತ್ತು ಶಲ್ಯ, ಇಸ್ತ್ರಿ ಪೆಟ್ಟಿಗೆ.

"ಇಸ್ತ್ರಿ ಪೆಟಗಿ ಬ್ಯಾಡ್ರಿ."

"ಪಂಚೆ ಮುದುಡಿಹೋಗತ್ತೆ ನೀಲಾ."

"ಮುದುಡಿದ್ರ ಮುದುಡ್ಲಿ. ಹಿಂದ ನೀವ ಕುಂತ ಮ್ಯಾಲೆ ಬೈಕಿಗೆ ಬ್ಯಾಗ್ ಕಟ್ಟೂ ಜಾಗಾನ ಇಲ್ಲ. ಟ್ಯಾಂಕ್ ಮ್ಯಾಲೆ ಒಂದು, ಎರಡೂ ಬಾಜೂಕ ಒಂದೊಂದು ಸಣ್ಣವು. ಅಷ್ಟ."

ಕೊನೆಗೆ ಎಡಬದಿಯ ಚೀಲಕ್ಕೆ ಅವಳ ಇಳಕಲ್ ಸೀರೆ, ಗಾರ್ಬೇಜ್ ಬ್ಯಾಗಿನಲ್ಲಿ ಸುರುಳಿ ಸುತ್ತಿ. ಬಲಬದಿಗೆ ಅವನ ಪಂಚೆ ಮತ್ತು ಮಳೆಯ ಪ್ಯಾಂಟು. ಉಳಿದದ್ದು ಬಾಸಿಂಗ. ಅದನ್ನು ಕಣ್ಣೆದುರಿಗೇ ಇಟ್ಟುಕೊಳ್ಳಬೇಕೆಂದು ನೀಲಾ ಹಟ ಮಾಡಿದಳು. ರೊಟ್ಟಿ ಇಡುವ ಸ್ಟೀಲ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಟ್ಯಾಂಕಿನ ಚೀಲದಲ್ಲಿಡುವುದು ಅವಳ ಲೆಕ್ಕ. ಮೊದಲು ಪರೀಕ್ಷೆ ಆಗಲಿ ಎಂದ ಧೀರಜ್. ಬಾಸಿಂಗದ ಬದಲು ಕರಿದ ಹಪ್ಪಳಗಳನ್ನು ಡಬ್ಬಿಗೆ ತುಂಬಿದ. ಅಷ್ಟೇ ಹಗುರ, ಅಷ್ಟೇ ಬೇಗ ಮುರಿಯುವಂಥವು.

ಸೂರ್ಯ ಇನ್ನೂ ಮುಳುಗಿರಲಿಲ್ಲ. ಹತ್ತಿರದ ಚರ್ಚಿನ ಖಾಲಿ ಪಾರ್ಕಿಂಗಿನಲ್ಲಿ ಇಬ್ಬರೂ ಹೆಲ್ಮೆಟ್ಟು, ಜಾಕೆಟ್ಟು ತೊಟ್ಟು ಸಾಮಾನಿನ ಸಮೇತ ಬೈಕು ಹತ್ತಿದರು. ನೆಟ್ಟಗೆ ಹೋಗುವಾಗ ಎಲ್ಲ ಸರಿಯಿತ್ತು. ಕೊನೆಯಲ್ಲಿ ತಿರುಗಿಸಿಕೊಳ್ಳಲು ಹೋದಾಗ ಹ್ಯಾಂಡಲ್ ಅರ್ಧಕ್ಕೇ ನಿಂತಿತು. ಡಬ್ಬಿ ಅಡ್ಡ ಬಂದಿತ್ತು. ಬೈಕು ತಿರುಗಲಿಲ್ಲ, ನಿಲ್ಲಲೂ ಇಲ್ಲ. ನಿಧಾನವಾಗಿ, ದಣಿದ ಎಮ್ಮೆ ಮಲಗುವ ಹಾಗೆ ಬಲಕ್ಕೆ ವಾಲಿತು. ಧೀರಜ್‌ನ ಉದ್ದ ಕಾಲು ನೆಲಕ್ಕೆ ಎಟುಕಿ ಅವನು ಹೇಗೋ ಪಕ್ಕಕ್ಕೆ ಜಿಗಿದ. ನೀಲಾ ಒಂದು ಉರುಳು ಉರುಳಿ ಎದ್ದಳು.

ಇಬ್ಬರಿಗೂ ಏನೂ ಆಗಿರಲಿಲ್ಲ. ಬೈಕನ್ನು ಎತ್ತಿ ನಿಲ್ಲಿಸಿದರು. ಕನ್ನಡಿ ಗೀರಿತ್ತು, ಬ್ರೇಕಿನ ಹಿಡಿ ತುಸು ಬಾಗಿತ್ತು. ಡಬ್ಬಿ ತೆರೆದರೆ ಹಪ್ಪಳವೆಲ್ಲ ಪುಡಿ.

ನೀಲಾ ಅಲ್ಲೇ ಕಟ್ಟೆಯ ಮೇಲೆ ಕೂತಳು. ಹೆಲ್ಮೆಟ್ಟು ತೆಗೆದಾಗ ಅವಳ ಮುಖ ಕೆಂಪಾಗಿತ್ತು. "ಆಗೂದಿಲ್ರಿ ಇದು," ಎಂದಳು. "ಬಾಸಿಂಗ ಮುರದ್ರ ಚಿಗವ್ವಗ ಏನಂತ ಹೇಳ್ಲಿ?"

ಧೀರಜ್ ಹಪ್ಪಳದ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಬೈಕಿನ ಸುತ್ತ ಎರಡು ಸುತ್ತು ಬಂದ. ಸಾಫ್ಟ್‌ವೇರಿನವನು, ಏನಾದರೂ ಕೆಟ್ಟರೆ ಮಾತ್ರ ಅವನಿಗೆ ನಿಜವಾದ ಹುರುಪು ಬರುತ್ತಿತ್ತು. "ನಾವು ಉಲ್ಟಾ ಇಟ್ಟಿದ್ದೀವಿ," ಎಂದ. "ತೂಕದ್ದೆಲ್ಲ ಮುಂದೆ ಕೆಳಗಿರಬೇಕು. ಬಾಸಿಂಗಕ್ಕೆ ತೂಕಾನೇ ಇಲ್ಲ. ಅದು ನನ್ನ ಬೆನ್ನ ಮೇಲೆ ಇರಲಿ. ನಾನು ಬಿದ್ರೆ ತಾನೇ ಅದು ಬೀಳೋದು?"

"ಮತ್ತ ನೀವು ಬಿದ್ರ?"

"ನಾನು ಬೀಳಲ್ಲ. ನೀನು ಬೀಳಿಸಬೇಡ ಅಷ್ಟೇ."

ಮನೆಗೆ ಹೋಗಿ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದರು. ಕೇಕು ತರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತಿಯ ನಡುವೆ ಬಾಸಿಂಗ, ಡಬ್ಬಿ ಅವನ ಬೆನ್ನಚೀಲದಲ್ಲಿ. ಸೀರೆ, ಟೂಲು, ನೀರು ಟ್ಯಾಂಕಿನ ಚೀಲದಲ್ಲಿ ಅಗಲವಾಗಿ, ತಗ್ಗಾಗಿ. ಅದರಿಂದ ಇನ್ನೊಂದು ಲಾಭ ಕಂಡಿತು. ನೀಲಾ ಬಾಗಿ ಕೂತಾಗ ಎದೆ ಆ ಚೀಲದ ಮೇಲೆ ಒರಗುತ್ತಿತ್ತು, ಮಣಿಕಟ್ಟಿನ ಭಾರ ಇಳಿಯುತ್ತಿತ್ತು. ಹಿಂದಿನ ಸೀಟಿಗೆ ಅವಳು ಕ್ಯಾಂಪಿಂಗ್ ಚಾಪೆಯ ತುಂಡೊಂದನ್ನು ಕತ್ತರಿಸಿ, ಅದರ ಮೇಲೆ ಹಳೆಯ ಸೀರೆಗಳ ತೇಪೆಯ ಪುಟ್ಟ ಕೌದಿಯನ್ನು ಮಡಿಚಿ ಬಿಗಿದಳು. ಧೀರಜ್ ಕೂತು ನೋಡಿದ. "ಸೋಫಾ ಅಲ್ಲ," ಎಂದ. "ಆದ್ರೆ ಸ್ಕೂಲ್ ಬೆಂಚಿಗಿಂತ ವಾಸಿ." ಬಾಸಿಂಗದ ಜಾಗದಲ್ಲಿ ಹೊಸ ಹಪ್ಪಳ ಇಟ್ಟು ಪಾರ್ಕಿಂಗಿನಲ್ಲಿ ಹೊಡೆದ ಎರಡನೆಯ ಸುತ್ತಿನಲ್ಲಿ ಒಂದೂ ಮುರಿಯಲಿಲ್ಲ.

ಶನಿವಾರ ಬೆಳಕು ಹರಿಯುತ್ತಿದ್ದಂತೆ ಹೊರಟರು. ಹತ್ತನೆಯ ನಂಬರಿನ ಹೈವೇಯಲ್ಲಿ ಉತ್ತರಕ್ಕೆ ಹೋಗಿ, ಟೋಬರ್ಮೋರಿಯಲ್ಲಿ ಮಧ್ಯಾಹ್ನದ ಫೆರಿ ಹಿಡಿದು ಮ್ಯಾನಿಟೂಲಿನ್ ದ್ವೀಪ ದಾಟಿ, ಅಲ್ಲಿಂದ ಮರುದಿನ ಸೂ ಸೇಂಟ್ ಮರೀ ತಲುಪುವುದು. ಪೂರ್ತಿ ನೆಲದ ಮೇಲೇ ಹೋಗುವ ದಾರಿಯೂ ಇತ್ತು, ಆದರೆ ಹಡಗಿನಲ್ಲಿ ಬೈಕು ಸಾಗಿಸುವುದು ನೀಲಾಳ ಚಳಿಗಾಲದ ಕನಸಿನಲ್ಲಿ ಎಲ್ಲಕ್ಕಿಂತ ಮೇಲಿತ್ತು.

ಮೊದಲ ಒಂದು ತಾಸು ಧೀರಜ್‌ಗೆ ದಾರಿಯೇ ಕಾಣಲಿಲ್ಲ. ಕಣ್ಣು ಮುಚ್ಚಿದ್ದ. ಬ್ರಾಂಪ್ಟನ್ನಿನ ಸಿಗ್ನಲ್ಲುಗಳಲ್ಲಿ ಅವಳು ಬ್ರೇಕು ಹಾಕಿದಾಗಲೆಲ್ಲ ಅವನು ಪೂರ್ತಿಯಾಗಿ ಅವಳ ಬೆನ್ನ ಮೇಲೆ ಬರುತ್ತಿದ್ದ, ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಬಡಿಯುತ್ತಿತ್ತು. ಭುಜಕ್ಕೆ ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸು ಎಂದು ಮೊದಲೇ ಮಾತಾಗಿತ್ತು. ಅವನು ಕಣ್ಣು ತೆರೆದಾಗಲೆಲ್ಲ ಟ್ರಕ್ಕು ಕಂಡರೂ ತಟ್ಟಿದ, ಹಸು ಕಂಡರೂ ತಟ್ಟಿದ.

ಆರೆಂಜ್‌ವಿಲ್‌ನಲ್ಲಿ ಕಾಫಿಗೆ ನಿಂತಾಗ ಅವಳು ಮಣಿಕಟ್ಟು ಒತ್ತಿಕೊಳ್ಳುತ್ತ ಹೇಳಿದಳು, "ನೀವು ನನ್ನ ಹಿಡಕೋಬ್ಯಾಡ್ರಿ. ನನ್ನ ಸೊಂಟದ ಎರಡೂ ಕಡೆಯಿಂದ ಕೈ ಚಾಚಿ ಟ್ಯಾಂಕಿಗೆ ಒತ್ರಿ. ಬ್ರೇಕ್ ಹಾಕಿದಾಗ ನಿಮ್ಮ ಭಾರ ನಿಮ್ಮ ಕೈ ಮ್ಯಾಲೆ ಇರತೈತಿ."

"ತಿರುವಲ್ಲಿ?"

"ತಿರುವಿನಾಗ ನನ್ನ ಕೂಡ ವಾಲ್ರಿ. ನೀವು ಉಲ್ಟಾ ವಾಲಿದ್ರ ಬೈಕಿಗೆ ಯಾರ ಮಾತು ಕೇಳಬೇಕು ತಿಳಿಯೂದಿಲ್ಲ."

ಶೆಲ್ಬರ್ನ್ ದಾಟಿದ ಮೇಲೆ ಬಯಲು ತೆರೆದುಕೊಂಡಿತು. ಬೆಳೆದು ನಿಂತ ಗೋಧಿಯ ಹೊಲಗಳ ಮೇಲೆ ಗಾಳಿಯಂತ್ರಗಳ ಬಿಳಿ ರೆಕ್ಕೆಗಳು ಸಾವಕಾಶವಾಗಿ ತಿರುಗುತ್ತಿದ್ದವು. ಧೀರಜ್ ಟ್ಯಾಂಕಿಗೆ ಕೈ ಒತ್ತಿ ಕೂತ. ಬ್ರೇಕು ಬಂತು, ಅವನು ಮುಂದೆ ಜಾರಲಿಲ್ಲ. ತಿರುವು ಬಂತು, ಅವಳ ಬಲಭುಜದ ಮೇಲಿಂದ ನೋಡುತ್ತ ಅವಳೊಂದಿಗೇ ವಾಲಿದ. ಬೈಕು ಸಲೀಸಾಗಿ, ನೀರಿನಲ್ಲಿ ಮೀನು ಹೊರಳುವಂತೆ ತಿರುಗಿ ನೇರವಾಯಿತು. ಅವನೊಳಗೆ ಏನೋ ಹಗುರವಾದದ್ದು ಮೇಲೆದ್ದಿತು. ಭಯವೆಂದು ಮೊದಲು ಅಂದುಕೊಂಡ. ಇನ್ನೊಂದು ತಿರುವು ಯಾವಾಗ ಬರುತ್ತದೆ ಎಂದು ತಾನೇ ಕಾಯುತ್ತಿರುವುದು ಗೊತ್ತಾದಾಗ ಭಯವಲ್ಲ ಎಂದು ತಿಳಿಯಿತು.

ಓವೆನ್ ಸೌಂಡ್‌ನವರೆಗೆ ಅವನು ಒಂದು ಸಲವೂ ತಟ್ಟಲಿಲ್ಲ.

ವೈರ್ಟನ್ ಆಚೆ ದಾರಿ ಕಿರಿದಾಯಿತು. ಅರ್ಧ ಟೊರಾಂಟೋ ಅಂದೇ ಟೋಬರ್ಮೋರಿಗೆ ಹೊರಟಂತೆ ಕಾರುಗಳ ಸಾಲು ಆಮೆಯ ಹಾಗೆ ತೆವಳುತ್ತಿತ್ತು. ಫೆರಿಗೆ ಒಂದು ತಾಸು ಮೊದಲೇ ಹಾಜರಿರಬೇಕು, ಹೊತ್ತು ಜಾರುತ್ತಿತ್ತು. ನೀಲಾ ಕಡಿವಾಣ ಹಿಡಿದ ಕುದುರೆಯಂತೆ ಚಡಪಡಿಸುತ್ತ ಮುಂದಿನ ಕಾರಿನ ಹಿಂದೆಯೇ ಇದ್ದಳು. ಸಾಲು ಸ್ವಲ್ಪ ಬಿಚ್ಚಿಕೊಂಡು ಅವಳು ವೇಗ ಹಿಡಿದ ಹೊತ್ತಿಗೆ ಧೀರಜ್‌ನ ಮೂಗಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಯಾರದೋ ಗಾಡಿಯದ್ದಿರಬೇಕು ಅಂದುಕೊಂಡ. ಆಮೇಲೆ ಬಲಗಾಲಿನ ಮೀನಖಂಡ ಬಿಸಿಯಾಯಿತು. ಎರಡು ಸಲ ತಟ್ಟಿದ. ಮತ್ತೆ ಹೆದರಿದರು ಅಂದುಕೊಂಡು ನೀಲಾ ತಲೆ ಅಲ್ಲಾಡಿಸಿದಳು, ನಿಲ್ಲಿಸಲಿಲ್ಲ. ಅವನು ಅಂಗೈಯಲ್ಲಿ ಅವಳ ಭುಜದ ಮೇಲೆ ಬಾಗಿಲು ಬಡಿದ ಹಾಗೆ ಬಡಿದ.

ರಸ್ತೆಯಂಚಿನ ಜಲ್ಲಿಯ ಮೇಲೆ ನಿಂತು ನೋಡಿದರೆ ಬಲಬದಿಯ ಚೀಲದಿಂದ ಹೊಗೆ ಬರುತ್ತಿತ್ತು. ಹಿಂದಿನ ದಿನ ಬಿದ್ದಾಗ ಅದರ ಬಕಲು ಸಡಿಲಾಗಿದ್ದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಚೀಲ ಜೋತುಬಿದ್ದು ಕಾದ ಸೈಲೆನ್ಸರಿಗೆ ಅಂಟಿಕೊಂಡಿತ್ತು. ಧೀರಜ್ ಅದನ್ನು ಕಿತ್ತು ಕೆಳಗೆ ಹಾಕಿ ಬಾಟಲಿಯ ನೀರು ಸುರಿದ. ಒಳಗಿನ ರೇಷ್ಮೆ ಪಂಚೆಯನ್ನು ಬಿಡಿಸಿದರೆ ಮಡಿಕೆ ಮಡಿಕೆಗೂ ಊಟದ ತಟ್ಟೆಯಷ್ಟು ತೂತು. ಶಲ್ಯವೂ ಹೋಗಿತ್ತು. ಮಳೆಯ ಪ್ಯಾಂಟು ಮಾತ್ರ ಹೇಗೋ ಉಳಿದಿತ್ತು.

ನೀಲಾ ಹೆಲ್ಮೆಟ್ಟಿನ ಗಾಜು ಎತ್ತಿ ಅದನ್ನೇ ನೋಡುತ್ತ ನಿಂತಳು. "ನಿಮ್ಮ ಅಮ್ಮ ಕೊಟ್ಟಿದ್ದು," ಎಂದಳು. "ನೀವು ಮೊದ್ಲು ತಟ್ಟಿದಾಗ ನಾ ನಿಲ್ಲಸಬೇಕಿತ್ತು."

"ನಾನು ಹಸುವಿಗೂ ತಟ್ಟಿದ್ದೆನಲ್ಲ, ನಿನಗೆ ಹೇಗೆ ಗೊತ್ತಾಗಬೇಕು?" ಧೀರಜ್ ಬೆನ್ನಚೀಲ ಇಳಿಸಿ ಡಬ್ಬಿ ತೆರೆದು ನೋಡಿದ. ಬಾಸಿಂಗದ ಒಂದು ಮುತ್ತೂ ಅಲುಗಿರಲಿಲ್ಲ. ಮತ್ತೆ ಮುಚ್ಚಿ ಬೆನ್ನಿಗೇರಿಸಿಕೊಂಡ. ಸುಟ್ಟ ಪಂಚೆಯನ್ನು ಜಾಕೆಟ್ಟಿನೊಳಗೆ ತುರುಕಿಕೊಂಡ. "ಪಂಚೆ ಆಮೇಲೆ ನೋಡೋಣ. ಫೆರಿ ಎಷ್ಟೊತ್ತಿಗೆ?"

ಅವಳು ಗಡಿಯಾರ ನೋಡಿದಳು. "ಸಿಗೂದಿಲ್ಲ ಅನಸ್ತೈತಿ."

"ಬೈಕ್ ಹತ್ತು. ಈಗಿಂದ ನಾನು ತಟ್ಟಿದ್ರೆ ಬೇಗ ಹೋಗು ಅಂತ ಅರ್ಥ."

ಆ ಉಳಿದ ದಾರಿಯನ್ನು ನೀಲಾ ಮುಂದೆ ಎಷ್ಟೋ ಜನರಿಗೆ ಬಣ್ಣಿಸಿ ಹೇಳಿದಳು. ಎರಡೂ ಕಡೆ ದೇವದಾರು ಮರಗಳ ಗೋಡೆ, ನಡುವೆ ನೆಟ್ಟಗೆ ರಸ್ತೆ, ದಾಟಲು ಜಾಗ ಸಿಕ್ಕಲ್ಲೆಲ್ಲ ಹಿಂದಿನಿಂದ ಭುಜಕ್ಕೆ ಒಂದು ತಟ್ಟು. ಗೇರು ಇಳಿಸಿ ಕಾರುಗಳನ್ನು ಒಂದೊಂದಾಗಿ ಹಿಂದೆ ಹಾಕುತ್ತ ಹೋದಳು. ಬೈಕು ಹುಟ್ಟಿದ್ದೇ ಇದಕ್ಕೆ ಎಂಬಂತೆ ಹಾಡತೊಡಗಿತ್ತು. ಧೀರಜ್ ಬೆನ್ನಚೀಲಕ್ಕೆ ಗಾಳಿ ತಾಗದ ಹಾಗೆ ಅವಳ ಹಿಂದೆ ಚಪ್ಪಟೆಯಾಗಿ ಬಾಗಿದ್ದ. ಯಾರದೋ ಕಾರಿನ ಕಿಟಕಿಯಿಂದ ಒಂದು ಮಗು ಕೈ ಬೀಸಿತು. ಅವನೂ ಒಂದು ಕೈ ಎತ್ತಿ ಬೀಸಿದ. ಬೆಳಿಗ್ಗೆ ಬ್ರಾಂಪ್ಟನ್ನಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದವನು ಇವನೇ ಎಂದರೆ ಯಾರೂ ನಂಬುತ್ತಿರಲಿಲ್ಲ.

ಟೋಬರ್ಮೋರಿಯ ಬಂದರಿಗೆ ಬಂದಾಗ ಹಡಗು ದೊಡ್ಡ ಬಾಯಿ ತೆರೆದು ನಿಂತಿತ್ತು. ಕಾರುಗಳೆಲ್ಲ ಒಳಗೆ ಹೋಗಿ ಮುಗಿದಿದ್ದವು. ಕಿತ್ತಳೆ ಕೋಟಿನ ಹೆಂಗಸೊಬ್ಬಳು ಅವರ ಟಿಕೆಟ್ಟು ನೋಡಿದಳು, ಗಡಿಯಾರ ನೋಡಿದಳು, ಒಳಗಿನವರನ್ನು ರೇಡಿಯೋದಲ್ಲಿ ಏನೋ ಕೇಳಿದಳು. ನೀಲಾ ಕ್ಲಚ್ಚು ಹಿಡಿದೇ ಇದ್ದಳು. ಕಡೆಗೆ ಆ ಹೆಂಗಸು ನಕ್ಕು ಕೈ ಬೀಸಿದಳು. ಕಾರಿಗೆ ಜಾಗವಿರಲಿಲ್ಲ, ಬೈಕಿಗಿತ್ತು. ಅವರು ಒಳಗೆ ಹೋಗಿ ಹಗ್ಗದಿಂದ ಬೈಕನ್ನು ಬಿಗಿಯುತ್ತಿದ್ದಾಗಲೇ ಹಡಗು ಕೂಗಿತು.

ಮೇಲಿನ ಡೆಕ್ಕಿನಲ್ಲಿ ಗಾಳಿ ತಣ್ಣಗಿತ್ತು. ನೀರು ಒಂದು ಕಡೆ ಹಸಿರು, ಇನ್ನೊಂದು ಕಡೆ ಕಡುನೀಲಿ. ನೀಲಾ ಬೆಂಚಿನ ಮೇಲೆ ಕಾಲು ಚಾಚಿದಳು. ಧೀರಜ್‌ಗೆ ಕೂರುವುದೇ ಬೇಡವಾಗಿತ್ತು. ಸೊಂಟ ಹಿಡಿದುಕೊಂಡು ಕಂಬಿಯ ಉದ್ದಕ್ಕೂ ಕುಂಟುತ್ತ ಓಡಾಡಿದ. ಬೆನ್ನಚೀಲವನ್ನು ಮಾತ್ರ ಇಳಿಸಿರಲಿಲ್ಲ.

"ಭಾಳ ನೋಯಾಕತ್ತೈತೇನ್ರಿ?"

"ಎಲ್ಲೆಲ್ಲಿ ನೋಯತ್ತೆ ಅಂತ ಹೇಳೋದಕ್ಕಿಂತ ಎಲ್ಲಿ ನೋಯಲ್ಲ ಅಂತ ಹೇಳೋದು ಸುಲಭ." ಅವನು ಕಂಬಿಗೆ ಒರಗಿದ. "ನೀಲಾ, ಪ್ರತಿ ಭಾನುವಾರ ನೀನು ಹೋದಾಗ ನಾನು ಫೋನಿನ ಮ್ಯಾಪಲ್ಲಿ ನಿನ್ನ ಚುಕ್ಕೆ ನೋಡ್ತಾ ಕೂತಿರ್ತೀನಿ. ಅದು ಎಲ್ಲಾದ್ರೂ ನಿಂತ್ರೆ ನನ್ನ ಉಸಿರೂ ನಿಲ್ಲತ್ತೆ. ನಿನಗೆ ಹೇಳಿರಲಿಲ್ಲ."

ಅವಳು ಅವನನ್ನೇ ನೋಡಿದಳು. "ಚಹಾ ಕುಡಿಯಾಕ ನಿಂತಿರ್ತೀನ್ರಿ."

"ಈಗ ಗೊತ್ತಾಯ್ತು. ಇಷ್ಟು ದಿನ ಚುಕ್ಕೆ ನೋಡ್ತಿದ್ದೆ, ದಾರಿ ನೋಡಿರಲಿಲ್ಲ. ಶೆಲ್ಬರ್ನ್ ಹತ್ರ ಆ ತಿರುವಿತ್ತಲ್ಲ, ಗಾಳಿಯಂತ್ರದ ಪಕ್ಕ…" ಅವನು ಮಾತಿಗೆ ಹುಡುಕಿ, ಸಿಗದೆ, ಕೈಯನ್ನೇ ಬೈಕಿನ ಹಾಗೆ ವಾಲಿಸಿ ತೋರಿಸಿದ.

ಮೂರು ವರ್ಷದಿಂದ ಆ ತಿರುವುಗಳ ಬಗ್ಗೆ ಹೇಳಲು ನೀಲಾಗೂ ಮಾತು ಸಿಕ್ಕಿರಲಿಲ್ಲ. "ಹೌದ್ರಿ," ಎಂದಷ್ಟೇ ಹೇಳಿ ಅವನ ಸೊಂಟವನ್ನು ಗುದ್ದಿ ಗುದ್ದಿ ಒತ್ತತೊಡಗಿದಳು.

ಆ ರಾತ್ರಿ ದ್ವೀಪದಲ್ಲೇ ಒಂದು ಮೋಟೆಲಿನಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಸೇತುವೆ ದಾಟಿ ದೊಡ್ಡ ರಸ್ತೆ ಸೇರಿದರು. ಬ್ಲೈಂಡ್ ರಿವರ್ ಹತ್ತಿರ ಆಕಾಶ ಕಪ್ಪಾಗಿ ಮಳೆ ಒಮ್ಮೆಲೇ ಸುರಿಯಿತು. ಪೆಟ್ರೋಲ್ ಬಂಕಿನ ಸೂರಿನ ಕೆಳಗೆ ನಿಂತು ನೋಡಿದರೆ ಬೆನ್ನಚೀಲ ಆಗಲೇ ತೊಯ್ದಿತ್ತು. ಡಬ್ಬಿಯ ಮುಚ್ಚಳದ ಸಂದಿಗೆ ಹನಿ ಇಳಿಯುತ್ತಿತ್ತು.

"ಬೆಂಡು ತೊಯ್ದ್ರ ಮುಗೀತು," ಎಂದಳು ನೀಲಾ.

ಧೀರಜ್ ಡಬ್ಬಿಯನ್ನು ಸುಟ್ಟ ಪಂಚೆಯ ಉಳಿದ ಭಾಗದಲ್ಲಿ ಸುತ್ತಿ, ಮಳೆಯಂಗಿಯ ಜಿಪ್ಪು ಇಳಿಸಿ ಹೊಟ್ಟೆಯ ಮೇಲಿಟ್ಟುಕೊಂಡು ಮತ್ತೆ ಜಿಪ್ಪು ಎಳೆದ. ತುಂಬಿದ ಬಸುರಿಯ ಹಾಗೆ ಕಂಡ. ಕೂತಾಗ ಡಬ್ಬಿ ಅವನ ಹೊಟ್ಟೆ ಮತ್ತು ಅವಳ ಬೆನ್ನಿನ ನಡುವೆ ಸರಿಯಾಗಿ ಕೂತಿತು. ಎಷ್ಟು ಮಳೆ ಬಂದರೂ ಅಲ್ಲಿಗೆ ಹನಿ ಹೋಗುವಂತಿರಲಿಲ್ಲ. ಆದರೆ ಅವಳು ಜೋರಾಗಿ ಬ್ರೇಕು ಹಾಕಿದರೆ ಡಬ್ಬಿ ನುಚ್ಚುನೂರು. ಅಲ್ಲಿಂದ ಸೂ ಸೇಂಟ್ ಮರೀ ತನಕ ನೀಲಾ ಹಾಲು ತುಂಬಿದ ಪಾತ್ರೆ ಹೊತ್ತು ನಡೆದಂತೆ ಬೈಕು ನಡೆಸಿದಳು. ಪ್ರತಿ ಸಿಗ್ನಲ್ಲನ್ನೂ ದೂರದಿಂದಲೇ ಕಂಡು ಗೇರು ಇಳಿಸುತ್ತ, ಬ್ರೇಕಿಗೆ ಬೆರಳಷ್ಟೇ ಮುಟ್ಟಿಸುತ್ತ.

ಮಧ್ಯಾಹ್ನ ಸರೋವರದ ದಡದ ಮದುವೆ ಮನೆಯ ಮುಂದೆ ಬೈಕು ನಿಂತಾಗ ಮಳೆ ನಿಂತಿತ್ತು. ಬೈಕಿನ ಸದ್ದಿಗೆ ದಾನವ್ವ ಅರಿಷಿಣದ ಕೈಯಲ್ಲೇ ಹೊರಗೆ ಬಂದಳು, ಹಿಂದೆ ಆನಂದಕುಮಾರ. ಅವರಿಗೆ ಕಾರು ಹಾಳಾದ ಸುದ್ದಿ ಯಾರೂ ಹೇಳಿರಲಿಲ್ಲ. ಗಾಬರಿಯಾಗುತ್ತಾರೆಂದು ನೀಲಾ ಸುಮ್ಮನಿದ್ದಳು. ಧೀರಜ್ ಒಂದು ಕಾಲು ಕೆಳಗಿಟ್ಟು, ಇನ್ನೊಂದನ್ನು ಕೈಯಿಂದಲೇ ಎತ್ತಿ ಇಳಿಸಿಕೊಂಡು ನೆಟ್ಟಗಾದ.

ದಾನವ್ವ ಅವನ ಹೊಟ್ಟೆ ನೋಡಿದಳು. "ಅಳಿಯಾರ, ಇದೇನ್ರಿ ಇದು?"

"ನಿಮ್ಮ ಬಾಸಿಂಗ, ಅತ್ತೆ."

ಜಿಪ್ಪು ಇಳಿಸಿ ಡಬ್ಬಿ ತೆಗೆದು ಅವಳ ಕೈಗಿಟ್ಟ. ದಾನವ್ವ ಮೆಟ್ಟಿಲ ಮೇಲೇ ಕೂತು ಮುಚ್ಚಳ ತೆಗೆದಳು. ಎರಡೂ ಬಾಸಿಂಗಗಳು ಹತ್ತಿಯ ಮೇಲೆ ಹೊಳೆಯುತ್ತಿದ್ದವು. ಒಂದರ ಅಂಚಿನ ಜರಿಹೂ ತುಸು ಸೊಟ್ಟಗಾಗಿತ್ತು. ಅವಳು ಕಿರುಬೆರಳಿನಿಂದ ಅದನ್ನು ನೆಟ್ಟಗೆ ಮಾಡಿ, ಇಬ್ಬರ ಗಲ್ಲವನ್ನೂ ಸವರಿದಳು. ಇಬ್ಬರ ಗಲ್ಲಕ್ಕೂ ಅರಿಷಿಣವಾಯಿತು.

ಪಂಚೆಯ ಕಥೆ ಕೇಳಿ ಆನಂದಕುಮಾರನಿಗೆ ನಗು ತಡೆಯಲಾಗಲಿಲ್ಲ. "ಮಾಮಾ, ನೀವು ಹಿಂಗ ಜಾಕೆಟ್‌ನಾಗ ಬಂದು ಕುಂತ್ರೂ ನಡೀತೈತಿ," ಎಂದ. ದಾನವ್ವ ಅವನನ್ನು ಗದರಿಸಿ ಒಳಗಿನಿಂದ ಹೊಸ ಧೋತ್ರ ತಂದಳು. ಅಳಿಯನಿಗೆ ಮದುವೆಯ ಉಡುಗೊರೆಯೆಂದು ಆಹೇರಿ ಕೊಡಲು ಹೇಗೂ ತಂದಿದ್ದದ್ದು. ಸೋಮವಾರ ಬೆಳಿಗ್ಗೆ ಮದುಮಗನೇ, ತನ್ನ ಅಲಂಕಾರ ಅರ್ಧಕ್ಕೆ ಬಿಟ್ಟು, ಧೀರಜ್‌ಗೆ ಧಾರವಾಡದ ಕಡೆಯ ಕಚ್ಚೆ ಹಾಕಿ ಉಡಿಸಿದ. ಎರಡು ದಿನದ ಸವಾರಿಯ ಮೇಲೆ ಧೀರಜ್‌ಗೆ ಕಾಲು ಕೂಡಿಸಿ ನಿಲ್ಲುವುದಕ್ಕೇ ಬರುತ್ತಿರಲಿಲ್ಲವಾದ್ದರಿಂದ ಕಚ್ಚೆ ಸರಾಗವಾಗಿ ಕೂತಿತು.

ಚನ್ನಬಸಯ್ಯನವರು ಮಂತ್ರ ಹೇಳಿದರು. ನೀಲಿ ಸರೋವರದ ಎದುರು ಆನಂದನ ಹಣೆಗೂ ಶ್ರೀಜಾಳ ಹಣೆಗೂ ಬಾಸಿಂಗ ಕಟ್ಟಿದರು. ಮುತ್ತುಗಳು ಗಾಳಿಗೆ ಅಲುಗಿದವು. ಇಳಕಲ್ ಸೀರೆಯಲ್ಲಿ ನಿಂತಿದ್ದ ನೀಲಾ ಅಕ್ಷತೆ ಹಾಕುವುದನ್ನು ಮರೆತು ನೋಡುತ್ತಿದ್ದಳು. ಧೀರಜ್ ಮೊಣಕೈಯಿಂದ ತಿವಿದ ಮೇಲೆ ಹಾಕಿದಳು.

ಸಂಜೆ ಊಟ, ಹಾಡು ಎಲ್ಲ ಮುಗಿಯುತ್ತ ಬಂದಾಗ ಚನ್ನಬಸಯ್ಯನವರು ಧೀರಜ್‌ನ ಪಕ್ಕ ಬಂದು ಕೂತರು. ಮರುದಿನ ಬೆಳಿಗ್ಗೆ ತಮ್ಮ ವ್ಯಾನು ಎಟೋಬಿಕೋಕ್‌ಗೆ ಹೊರಡುತ್ತದೆ, ಒಂದು ಸೀಟು ಖಾಲಿಯಿದೆ ಎಂದರು. "ನಿಮ್ಮ ನಡಿಗಿ ನೋಡಿ ಹೇಳಾಕತ್ತೀನಿ," ಎಂದರು. "ನಮ್ಮ ಕೂಡ ಆರಾಮ ಮಲಗಿ ಬರಬಹುದು."

ನೀಲಾ ಕೇಳಿಸಿಕೊಂಡಳು. "ಹೋಗ್ರಿ," ಎಂದಳು ಮೆಲ್ಲಗೆ. "ನನಗ ಬ್ಯಾಸರ ಇಲ್ಲ. ನೀವು ಬಂದಿದ್ದ ದೊಡ್ಡದು."

ವ್ಯಾನಿನ ಮೆತ್ತನೆಯ ಸೀಟು ಧೀರಜ್‌ನ ಕಣ್ಣಮುಂದೆ ನಿಜವಾಗಿಯೂ ಬಂತು. "ಅಯ್ನೋರೆ, ಆ ಸೀಟಲ್ಲಿ ನಮ್ಮ ಸಾಮಾನು ಹೋಗಬಹುದಾ?" ಎಂದು ಕೇಳಿದ. "ಸೀರೆ, ಧೋತ್ರ, ಬ್ಯಾಗು ಎಲ್ಲ?"

"ಹೋಗಲಿಕ್ಕೆ ಏನೂ ಅಡ್ಡಿ ಇಲ್ಲ. ಮತ್ತ ನೀವು?"

ಅವನು ನೀಲಾಳ ಕಡೆ ತಿರುಗಿದ. "ಈ ವಾರ ಪೂರ್ತಿ ನಂಗೆ ರಜೆ ಇದೆ. ನಿನಗೆ?"

"ನನಗೂ ಐತಿ. ಯಾಕ್ರಿ?"

"ಇಲ್ಲಿಂದ ಉತ್ತರಕ್ಕೆ ಸರೋವರದ ಅಂಚಲ್ಲೇ ಒಂದು ರೋಡ್ ಹೋಗತ್ತಂತೆ. ಆನಂದ ಹೇಳ್ತಿದ್ದ. ಬೆಟ್ಟ ಹತ್ತಿ ಇಳಿದು ಬರೀ ತಿರುವುಗಳಂತೆ. ಸಾಮಾನಿಲ್ಲದೆ ಹೋದ್ರೆ ಬೈಕು ಹಗುರ ಇರತ್ತೆ, ಅಲ್ವಾ?"

ನೀಲಾ ಉತ್ತರ ಕೊಡುವ ಮೊದಲೇ ಫೋನು ತೆಗೆದು ನಕ್ಷೆ ತೆರೆದಿದ್ದಳು.

ಮಂಗಳವಾರ ಬೆಳಿಗ್ಗೆ ವ್ಯಾನು ದಕ್ಷಿಣಕ್ಕೆ ತಿರುಗಿತು, ಹಸಿರು ಬೈಕು ಉತ್ತರಕ್ಕೆ. ಟ್ಯಾಂಕಿನ ಮೇಲೆ ಚೀಲವಿಲ್ಲ, ಬದಿಗಳಲ್ಲಿ ಜೋತಾಡುವುದು ಏನೂ ಇಲ್ಲ, ಇಬ್ಬರ ಜೇಬಿನಲ್ಲೂ ಒಂದೊಂದು ಹಲ್ಲುಜ್ಜುವ ಬ್ರಶ್ಶು. ಊರು ಮುಗಿದು ಮೊದಲ ಏರು ಬಂದಾಗ ಎಡಕ್ಕೆ ಸುಪೀರಿಯರ್ ಸರೋವರ ಇದ್ದಕ್ಕಿದ್ದಂತೆ ಪೂರ್ತಿ ತೆರೆದುಕೊಂಡಿತು, ಆಚೆಯ ದಡವೇ ಕಾಣದಷ್ಟು ದೊಡ್ಡದು. ರಸ್ತೆ ಬಂಡೆಗಳ ನಡುವೆ ಎಡಕ್ಕೆ ಬಾಗಿ ಇಳಿಯಿತು. ಇಬ್ಬರೂ ಒಟ್ಟಿಗೆ ವಾಲಿದರು.

"ಇನ್ನೂ ಎಷ್ಟು ದೂರ ಇದೆ ಇಂಥದ್ದು?" ಎಂದು ಧೀರಜ್ ಗಾಳಿಯಲ್ಲಿ ಕೂಗಿ ಕೇಳಿದ.

"ಭಾಳ ಐತ್ರಿ," ಎಂದು ಅವಳೂ ಕೂಗಿ, ಗೇರು ಇಳಿಸಿದಳು.